ಜಿಂಕೆ ಬೇಟೆಗೆ ಹೈಬ್ರಿಡ್ ಕಾರು ಸಾಕಾಗುತ್ತಾ? ಮಿಶಿಗನ್‌ನಲ್ಲಿ ರ್‍ಯಾವ್4 ಹೈಬ್ರಿಡ್ ಬಳಸಿದವನ ಮಾತು

ಅಮೆರಿಕದಲ್ಲಿ ಬೇಟೆಗೆ ಹೋಗುವವರ ಗಾಡಿ ಎಂದರೆ ಎಲ್ಲರಿಗೂ ನೆನಪಾಗುವುದು ದೊಡ್ಡ ಪಿಕಪ್ ಟ್ರಕ್. ನಾನು ಕೆಲವು ಸೀಸನ್‌ಗಳಿಂದ 2021ರ ಟೊಯೊಟಾ ರ್‍ಯಾವ್4 ಹೈಬ್ರಿಡ್‌ನಲ್ಲೇ ಹೋಗಿ ಬರುತ್ತಿದ್ದೇನೆ. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ವಿದ್ಯುತ್ ಮೋಟರ್ ಇರುವ ಕಾರು. ಡೆಟ್ರಾಯಿಟ್ ಸುತ್ತಮುತ್ತ ಕೆಲಸ ಮಾಡುವ ಕನ್ನಡದವರಲ್ಲಿ ಬೇಟೆಯ ಆಸಕ್ತಿ ಇರುವ ಕೆಲವರು ಈ ಕಾರಿನ ಬಗ್ಗೆ ಪದೇ ಪದೇ ಕೇಳುತ್ತಾರೆ. ಅವರಿಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಊರಿನಲ್ಲಿ ಕೂತು ಓದುವವರಿಗೆ ಮೊದಲೇ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಕೊಡಗಿನಲ್ಲಿ ಕೈಲ್‌ಪೋದ್ ದಿನ ಈಗಲೂ ಕೋವಿಗೆ ಪೂಜೆ ಆಗುತ್ತದೆ, ಆದರೆ ಅದನ್ನು ಹಿಡಿದು ಬೇಟೆಗೆ ಹೊರಡುವಂತಿಲ್ಲ. ಇಲ್ಲಿಯ ವ್ಯವಸ್ಥೆ ಬೇರೆ. ಜಿಂಕೆಗಳ ಸಂಖ್ಯೆ ಹತೋಟಿಯಲ್ಲಿ ಇರಲಿ ಅಂತ ರಾಜ್ಯ ಸರ್ಕಾರವೇ ಲೈಸನ್ಸ್ ಕೊಡುತ್ತದೆ. ಆ ದುಡ್ಡು ಕಾಡು ಮತ್ತು ಪ್ರಾಣಿಗಳ ನಿರ್ವಹಣೆಗೇ ಹೋಗುತ್ತದೆ. ಮಿಶಿಗನ್‌ನಲ್ಲಿ 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರು ಲೈಸನ್ಸ್ ತೆಗೆದುಕೊಳ್ಳಬೇಕಾದರೆ ಸುರಕ್ಷತಾ ಕೋರ್ಸ್ ಮುಗಿಸಿರಬೇಕು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ತಡೆ ಇದೆ. ಬೇಟೆ ಲೈಸನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಸಿಗುತ್ತದೆ. ಇದನ್ನೆಲ್ಲ ಸರಿಯಾಗಿ ತಿಳಿದುಕೊಂಡ ಮೇಲೆಯೇ ಕಾರಿನ ಯೋಚನೆ.

ಇಲ್ಲಿ ಬಂದೂಕಿನ ಸೀಸನ್ ಪ್ರತಿ ವರ್ಷ ನವೆಂಬರ್ 15ಕ್ಕೆ ಶುರುವಾಗಿ 30ಕ್ಕೆ ಮುಗಿಯುತ್ತದೆ. ನಾವು ಹೋಗುವುದು ರಾಜ್ಯದ ಉತ್ತರ ಭಾಗವಾದ ಅಪ್ಪರ್ ಪೆನಿನ್ಸುಲಾಗೆ. ಡೆಟ್ರಾಯಿಟ್ ಪಕ್ಕದ ನೋವೈ ಕಡೆಯಿಂದ ಹೊರಟರೆ ಐ-75 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಬೇಕು. ಮ್ಯಾಕಿನಾ ಸೇತುವೆ ದಾಟಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ, ಹಯಾವಾಥಾ ರಾಷ್ಟ್ರೀಯ ಅರಣ್ಯದ ಕಡೆ. ಹೋಗುವುದು, ಬರುವುದು, ಅಲ್ಲಿನ ಓಡಾಟ ಎಲ್ಲ ಸೇರಿ 800 ಮೈಲಿ ಹತ್ತಿರ ಆಗುತ್ತದೆ. ಇದರಲ್ಲಿ ಮಣ್ಣು ದಾರಿ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ತೀರಾ ಕಡಿಮೆ. ಉಳಿದದ್ದೆಲ್ಲ ಡಾಂಬರು ರಸ್ತೆ. ಬೇಟೆ ಗಾಡಿ ಕೊಳ್ಳುವವರು ಸಾಮಾನ್ಯವಾಗಿ ಕೊನೆಯ ಎರಡು ಮೈಲಿಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಶೋರೂಮಿಗೆ ಹೋಗುತ್ತಾರೆ. ಪೆಟ್ರೋಲ್ ಸುಡುವುದು ಮಿಕ್ಕ ನೂರಾರು ಮೈಲಿಯಲ್ಲಿ, ಅಲ್ವಾ?

ಮೈಲೇಜಿನ ವಿಷಯ. ಈ ಕಾರಿಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೊಟ್ಟಿರುವ ಅಂಕಿ ಊರೊಳಗೆ 41, ಹೈವೇಯಲ್ಲಿ 38, ಒಟ್ಟಾರೆ 40 ಮೈಲಿ, ಗ್ಯಾಲನ್ನಿಗೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ 17 ಕಿಲೋಮೀಟರ್. ಬೇಸಿಗೆಯಲ್ಲಿ ಆಫೀಸಿಗೆ ಓಡಾಡುವಾಗ ನನಗೆ ಅಷ್ಟೂ ಸಿಗುತ್ತದೆ. ನವೆಂಬರಿನಲ್ಲಿ ಸಾಮಾನು ತುಂಬಿಕೊಂಡು ಉತ್ತರಕ್ಕೆ ಹೋಗುವಾಗ 33-34ಕ್ಕೆ ಇಳಿಯುತ್ತದೆ. ಇದು ಕಾರಿನ ದೋಷ ಅಲ್ಲ. ಚಳಿಯಲ್ಲಿ ಯಾವ ಹೈಬ್ರಿಡ್ ಆದರೂ ಹೀಗೆಯೇ. ಒಳಗೆ ಬಿಸಿಗಾಳಿ ಬರಬೇಕಾದರೆ ಎಂಜಿನ್ ಓಡುತ್ತಲೇ ಇರಬೇಕು, ಬ್ಯಾಟರಿಯಲ್ಲಿ ಓಡುವ ಹೊತ್ತು ಕಡಿಮೆಯಾಗುತ್ತದೆ. ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು ಮೈನಸ್ 7 ಸೆಲ್ಸಿಯಸ್) ಇದ್ದಾಗ ಹೈಬ್ರಿಡ್‌ಗಳ ಮೈಲೇಜು 30ರಿಂದ 34 ಶೇಕಡಾ ಇಳಿಯಬಹುದು ಅಂತ ಇಲ್ಲಿನ ಇಂಧನ ಇಲಾಖೆಯೇ ಹೇಳುತ್ತದೆ. ಸಾಮಾನ್ಯ ಪೆಟ್ರೋಲ್ ಕಾರಿಗೆ ಇಳಿಯುವುದು 15 ಶೇಕಡಾ. ದೂರದ ಪ್ರಯಾಣದಲ್ಲಿ ಎಂಜಿನ್ ಒಮ್ಮೆ ಬಿಸಿಯಾದರೆ ಹಾಗೇ ಇರುತ್ತದೆ. ಅದಕ್ಕೇ ನನಗೆ ಅಷ್ಟೊಂದು ಪೆಟ್ಟು ಬೀಳುವುದಿಲ್ಲ. ಶಿಬಿರದಿಂದ ಹತ್ತಿರದ ಊರಿಗೆ ಹೋಗಿ ಬರುವ ಸಣ್ಣ ಓಡಾಟದಲ್ಲೇ ಜಾಸ್ತಿ ಕುಡಿಯುತ್ತದೆ.

ವೇಗವೂ ಮುಖ್ಯ. ಬೇ ಸಿಟಿ ದಾಟಿದ ಮೇಲೆ ಹೈವೇಯಲ್ಲಿ ಮಿತಿ 75 ಮೈಲಿ. ನಾನು 65-68ರಲ್ಲಿ ಬಲಗಡೆ ಲೇನಿನಲ್ಲೇ ಹೋಗುತ್ತೇನೆ. ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಒಂದು. ಇನ್ನೊಂದು, ನವೆಂಬರ್ ಅಂದರೆ ಜಿಂಕೆಗಳು ರಸ್ತೆಗೆ ನುಗ್ಗುವ ಕಾಲ. ಮಿಶಿಗನ್‌ನಲ್ಲಿ ವಾಹನಗಳಿಗೆ ಜಿಂಕೆ ಅಡ್ಡ ಬಂದು ಆಗುವ ಅಪಘಾತಗಳು ವರ್ಷಕ್ಕೆ 50,000ಕ್ಕೂ ಹೆಚ್ಚು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ದಯವಿಟ್ಟು ಕಾಲು ಸ್ವಲ್ಪ ಸಡಿಲ ಬಿಡಿ.

ಸಾಮಾನು ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ಎಷ್ಟೊಂದು ನಿಂತಿದೆ ಅಂತ ಹೆಚ್ಚಿನವರು ಗಮನಿಸುವುದೇ ಇಲ್ಲ. ಕಾರಿನ ಮಾಡೆಲ್‌ಗಿಂತ ಇದರ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಿದೆ. ಜನ ಸಾಮಾನ್ಯವಾಗಿ ಟಾಪ್ ಮೇಲೆ ದೊಡ್ಡ ಪೆಟ್ಟಿಗೆ ಕಟ್ಟುತ್ತಾರೆ. ಅದೇ ಇಂಧನ ಇಲಾಖೆಯ ಲೆಕ್ಕದಲ್ಲಿ, 65-75 ಮೈಲಿ ವೇಗದಲ್ಲಿ ಅಂಥ ಪೆಟ್ಟಿಗೆ 10ರಿಂದ 25 ಶೇಕಡಾ ಮೈಲೇಜು ತಿನ್ನುತ್ತದೆ. ಅಷ್ಟೇ ಸಾಮಾನನ್ನು ಕಾರಿನ ಹಿಂದೆ ಟ್ರೇಲರ್ ಎಳೆಯಲು ಇರುವ ಕೊಂಡಿಗೆ, ಅಂದರೆ ಹಿಚ್‌ಗೆ, ಸಿಕ್ಕಿಸುವ ಕ್ಯಾರಿಯರ್ ಮೇಲೆ ಇಟ್ಟರೆ ಹೈವೇಯಲ್ಲಿ ಹೋಗುವುದು 1ರಿಂದ 5 ಶೇಕಡಾ ಮಾತ್ರ. ಕಾರಣ ಸುಲಭ. ಹಿಂದೆ ಇರುವುದು ಕಾರಿನ ಮರೆಯಲ್ಲಿ ಇರುತ್ತದೆ, ಮೇಲೆ ಇರುವುದು ಗಾಳಿಗೆ ಎದೆ ಕೊಟ್ಟು ನಿಲ್ಲುತ್ತದೆ. ಹೈಬ್ರಿಡ್ ಅಂತ ಜಾಸ್ತಿ ದುಡ್ಡು ಕೊಟ್ಟು ಕೊಂಡು, ಆಮೇಲೆ ತಲೆ ಮೇಲೆ ಪೆಟ್ಟಿಗೆ ಹೊರಿಸಿದರೆ ಉಳಿತಾಯದ ದೊಡ್ಡ ಪಾಲು ಅಲ್ಲೇ ಹೋಯಿತು. ಪೆಟ್ಟಿಗೆ ಇರಲೇಬೇಕು ಅಂದರೂ ಸೀಸನ್ ಮುಗಿದ ದಿನವೇ ಬಿಚ್ಚಿಡಿ. ವರ್ಷವಿಡೀ ಹೊತ್ತು ತಿರುಗುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಿಚ್ ಕ್ಯಾರಿಯರ್‌ಗೂ ಮಿತಿ ಇದೆ. ಈ ಕಾರಿನ ಎಳೆಯುವ ಸಾಮರ್ಥ್ಯ 1,750 ಪೌಂಡ್. ಹಿಚ್ ಮೇಲೆ ನೇರವಾಗಿ ಬೀಳುವ ಭಾರ ಅದರ ಹತ್ತನೇ ಒಂದು ಪಾಲು, ಸುಮಾರು 175 ಪೌಂಡ್ ಅಂತ ಇಟ್ಟುಕೊಳ್ಳಿ. ಕ್ಯಾರಿಯರ್‌ನ ತೂಕವೂ ಅದರೊಳಗೇ ಬರಬೇಕು. ಹೊಟ್ಟೆ ಸೀಳಿ ಕರುಳು ತೆಗೆದ ಒಂದು ದೊಡ್ಡ ಗಂಡು ಜಿಂಕೆಯನ್ನು ಇಟ್ಟರೆ ಮಿತಿಯ ಹತ್ತಿರ ಬಂದಿರುತ್ತದೆ. ಎರಡು ಇಡಲೇಬಾರದು. ನಾನು ಅಲ್ಲೇ ತುಂಡು ಮಾಡಿ ಐಸ್ ಪೆಟ್ಟಿಗೆಗೆ ತುಂಬುವುದು ಜಾಸ್ತಿ. ಇಡಿಯಾಗಿ ತರುವುದಾದರೆ ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಬೇಕು. ಇಲ್ಲದಿದ್ದರೆ ರಸ್ತೆಯ ಉಪ್ಪು ನೀರು ಪೂರ್ತಿ ಮಾಂಸದ ಮೇಲೆ ಎರಚುತ್ತದೆ. ಹಿಂದಿನ ದೀಪ, ನಂಬರ್ ಪ್ಲೇಟ್ ಮರೆಯಾಗದಂತೆ ನೋಡಿಕೊಳ್ಳಿ. ಮಡಚುವ ಕ್ಯಾರಿಯರ್ ಅಲ್ಲದಿದ್ದರೆ ಭಾರ ಇರುವಾಗ ಹಿಂದಿನ ಬಾಗಿಲು ತೆಗೆಯಲು ಬರುವುದಿಲ್ಲ. ದಾರಿಯಲ್ಲಿ ಬೇಕಾಗುವ ಫ್ಲಾಸ್ಕು, ಜಾಕೆಟ್ಟು ಹಿಂದಿನ ಸೀಟಿನಲ್ಲೇ ಇರಲಿ.

ಹಿಚ್ ನನಗೆ ಬೇಕೇ ಬೇಕು ಅನ್ನಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಇದು ಮನೆಯ ಕಾರು. ಮಕ್ಕಳನ್ನು ಸ್ಕೂಲಿಗೆ ಬಿಡುವುದೂ ಇದೇ, ಭಾನುವಾರ ನೋವೈ ದೇವಸ್ಥಾನಕ್ಕೆ ಹೋಗುವುದೂ ಇದೇ. "ರೀ, ಬೇಟೆ ನಿಮ್ಮಿಷ್ಟ. ಆದರೆ ಕಾರೊಳಗೆ ಒಂದು ಹನಿ ರಕ್ತ, ಒಂದು ಕೂದಲು ಕಾಣಿಸಬಾರದು" ಅಂತ ಮನೆಯವರು ಕಾರು ತೆಗೆದುಕೊಳ್ಳುವ ಮುಂಚೆಯೇ ಹೇಳಿದ್ದರು. ನ್ಯಾಯವಾದ ಮಾತು. ಸತ್ತ ಜಿಂಕೆಯಿಂದ ಉಣ್ಣೆ ಹುಳುಗಳು ಇಳಿದು ಸೀಟಿಗೆ ಹತ್ತುವ ಅಪಾಯವೂ ಇದೆ. ಜಿಂಕೆ ಹೊರಗೇ ಇದ್ದರೆ ಎಲ್ಲರಿಗೂ ನೆಮ್ಮದಿ.

ಒಳಗಿನ ಜಾಗ ಸಾಕಷ್ಟಿದೆ. ಹಿಂದಿನ ಸೀಟು ಮಡಚಿದರೆ ಉದ್ದನೆಯ ಬಂದೂಕಿನ ಕೇಸು ಆರಾಮಾಗಿ ಹಿಡಿಸುತ್ತದೆ. ಮಿಶಿಗನ್‌ನಲ್ಲಿ ಬಂದೂಕಿನ ಗುಂಡು ಪೂರ್ತಿ ತೆಗೆದು, ಕೇಸಿನಲ್ಲಿ ಮುಚ್ಚಿ ಅಥವಾ ಡಿಕ್ಕಿಯಲ್ಲಿ ಇಟ್ಟು ಸಾಗಿಸಬೇಕು. ಸೆಡಾನ್‌ನಂತೆ ಇದಕ್ಕೆ ಬೇರೆ ಡಿಕ್ಕಿ ಇಲ್ಲ. ಹಾಗಾಗಿ ಒಳ್ಳೆಯ ಗಟ್ಟಿ ಕೇಸು ಬೇಕೇ ಬೇಕು. ಒಂದು ಎಚ್ಚರಿಕೆ: ಬ್ಯಾಟರಿ ಇರುವುದು ಹಿಂದಿನ ಸೀಟಿನ ಅಡಿಯಲ್ಲಿ. ಅದನ್ನು ತಂಪಾಗಿಡುವ ಗಾಳಿ ಒಳಗೆ ಹೋಗುವುದೂ ಆ ಸೀಟಿನ ಕೆಳಗಿನ ಜಾಲರಿಯಿಂದ. ಬ್ಯಾಗು, ಒದ್ದೆ ಬೂಟು ಅಲ್ಲಿ ತುರುಕಬೇಡಿ. ಸೀಸನ್ ಮುಗಿದ ಮೇಲೆ ಆ ಜಾಲರಿಯ ಫಿಲ್ಟರ್ ತೆಗೆದು ಧೂಳು ಕೊಡವಿ. ಬೇಟೆ ನಾಯಿ ಕರೆದುಕೊಂಡು ಹೋಗುವವರು ಇನ್ನೂ ಬೇಗ ಬೇಗ ನೋಡಬೇಕು. ನಾಯಿ ಕೂದಲು ಅಲ್ಲಿಗೇ ಹೋಗಿ ಸೇರುತ್ತದೆ.

ಇನ್ನು ಮಣ್ಣು ದಾರಿ. ನೆಲದಿಂದ ತಳಕ್ಕೆ 8.1 ಇಂಚು. ಸುಬರು ಔಟ್‌ಬ್ಯಾಕ್, ಫಾರೆಸ್ಟರ್‌ಗಳಿಗೆ 8.7 ಇದೆ. ಇಲ್ಲಿಯ ಕಾಡಿನೊಳಗಿನ ದಾರಿಗಳನ್ನು ಟೂ-ಟ್ರ್ಯಾಕ್ ಅನ್ನುತ್ತಾರೆ. ಎರಡು ಚಕ್ರದ ಗೆರೆ, ನಡುವೆ ಹುಲ್ಲಿನ ದಿಬ್ಬ. ಮರಳು ಅಥವಾ ತೆಳು ಹಿಮ ಇದ್ದರೆ ರ್‍ಯಾವ್4 ಸಲೀಸಾಗಿ ಹೋಗುತ್ತದೆ. ಹಿಂದಿನ ಚಕ್ರಗಳಿಗೆ ಎಂಜಿನ್‌ನಿಂದ ತಿರುಗುವ ದಂಡ (ಶಾಫ್ಟ್) ಬರುವುದಿಲ್ಲ, ಪ್ರತ್ಯೇಕ ವಿದ್ಯುತ್ ಮೋಟರ್ ಇದೆ, 54 ಅಶ್ವಶಕ್ತಿಯದು. ಜಾರುವ ಜಾಗದಲ್ಲಿ ಹಿಂದಿನಿಂದ ತಳ್ಳಿಕೊಡಲು ಅದು ಸಾಕು. ಆಳವಾದ ಕೆಸರಿನಲ್ಲಿ, ಟ್ರಕ್ಕುಗಳು ಓಡಾಡಿ ಕೊರೆದ ಗುಂಡಿಗಳಲ್ಲಿ ಸಾಲದು. ಅಲ್ಲಿಗೆ ಹೋಗಲೇಬೇಕು ಅನ್ನುವವರು ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಇರುವ ನಿಜವಾದ ಫೋರ್-ವೀಲ್-ಡ್ರೈವ್ ಗಾಡಿಯನ್ನೇ ತೆಗೆದುಕೊಳ್ಳಿ.

ನಾನಂತೂ ದಾರಿ ಕೆಟ್ಟಲ್ಲಿ ಕಾರು ನಿಲ್ಲಿಸಿ ನಡೆಯುತ್ತೇನೆ. ಬೇಟೆಗೆ ಅದೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೀಸನ್ ಶುರುವಾದ ಎರಡೇ ದಿನಕ್ಕೆ ಜಿಂಕೆಗಳು ಗಾಡಿ ಬರುವ ದಾರಿಯಿಂದ ದೂರ ಸರಿಯುತ್ತವೆ. ಟ್ರಕ್ಕು ಹೋಗುವ ಕಡೆಗೆಲ್ಲ ಟ್ರಕ್ಕಿನವರು ಇದ್ದೇ ಇರುತ್ತಾರೆ. ಮುಕ್ಕಾಲು ಮೈಲಿ ನಡೆದರೆ ಕಾಡು ನಿಮ್ಮದೇ. ಬಿದ್ದ ಜಿಂಕೆಯನ್ನು ಎಳೆದು ತರಲು ಪ್ಲಾಸ್ಟಿಕ್ ಜಾರುಬಂಡಿ ಇಟ್ಟುಕೊಳ್ಳಿ. ಹಿಮದ ಮೇಲೆ ಚೆನ್ನಾಗಿ ಎಳೆಯಬಹುದು, ಕಾರಿನೊಳಗೂ ಹೆಚ್ಚು ಜಾಗ ಹಿಡಿಯುವುದಿಲ್ಲ.

ಟೈರಿನ ಬಗ್ಗೆ ಜಿಪುಣತನ ಬೇಡ. ಕಾರಿನ ಜೊತೆ ಬರುವ ಆಲ್-ಸೀಸನ್ ಟೈರು ಊರಿಗೆ ಸರಿ. ನವೆಂಬರಿಗೆ ಬೆಟ್ಟ ಮತ್ತು ಹಿಮದ ಚಿಹ್ನೆ ಇರುವ ಚಳಿಗಾಲದ ಟೈರು ಹಾಕಿಸಿ. ಮೈಲೇಜು ಸ್ವಲ್ಪ ಹೋಗುತ್ತದೆ, ಹೋಗಲಿ. ಗಡ್ಡೆಗಡ್ಡೆಯ ಆಫ್-ರೋಡ್ ಟೈರು ಮಾತ್ರ ಬೇಡ. ಅದರ ತೂಕ ಮತ್ತು ಉಜ್ಜಾಟ ವರ್ಷವಿಡೀ ಪೆಟ್ರೋಲ್ ತಿನ್ನುತ್ತದೆ. ಸ್ಟೆಪ್ನಿ ತೆಳುವಾದದ್ದು, ಕಾಡಿನ ದಾರಿಗೆ ನಂಬಿಕೊಳ್ಳುವಂಥದ್ದಲ್ಲ. ಪಂಚರ್ ಕಿಟ್ಟು, ಸಣ್ಣ ಏರ್ ಪಂಪು, ಸಲಿಕೆ, ಎಳೆಯುವ ಬೆಲ್ಟು ನನ್ನ ಕಾರಿನಲ್ಲಿ ಕಾಯಂ.

ರಾತ್ರಿ ಕಾರಿನಲ್ಲೇ ಮಲಗುವವರು ಇದನ್ನು ಎರಡು ಸಲ ಓದಿ. ಹೈಬ್ರಿಡ್ ಆನ್ ಇಟ್ಟು ಮಲಗಿದರೆ ಎಂಜಿನ್ ಆಗಾಗ ತಾನೇ ಓಡಿ ನಿಲ್ಲುತ್ತದೆ, ಒಳಗೆ ಬೆಚ್ಚಗಿರುತ್ತದೆ, ಪೆಟ್ರೋಲೂ ಕಡಿಮೆಯೇ ಖರ್ಚಾಗುತ್ತದೆ. ಆದರೆ ಹಿಮ ಬಿದ್ದು ಸೈಲೆನ್ಸರ್ ಬಾಯಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ. ಎಂಜಿನ್ ಸದ್ದು ಕೇಳದೆ ಇದ್ದರೂ ಹೈಬ್ರಿಡ್ ಆನ್ ಆಗಿರಬಹುದು. ನಾನು ಕಾರು ಆಫ್ ಮಾಡಿ, ದಪ್ಪ ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗುತ್ತೇನೆ. ನೀವೂ ಹಾಗೇ ಮಾಡಿ.

ಈಗ ದುಡ್ಡಿನ ಲೆಕ್ಕ. 800 ಮೈಲಿಗೆ ನನಗೆ ಸುಮಾರು 24 ಗ್ಯಾಲನ್ ಬೇಕು. ಗ್ಯಾಲನ್ನಿಗೆ 20 ಮೈಲಿ ಕೊಡುವ ಟ್ರಕ್ಕಿಗೆ 40. ಗ್ಯಾಲನ್ನಿಗೆ 3 ಡಾಲರ್ ಅಂತ ಹಿಡಿದರೆ ಒಂದು ಪ್ರಯಾಣಕ್ಕೆ 50 ಡಾಲರ್ ಹತ್ತಿರ ಉಳಿತಾಯ. ಅಷ್ಟಕ್ಕೆ ಯಾರೂ ಕಾರು ಬದಲಿಸುವುದಿಲ್ಲ. ನಿಜವಾದ ಲಾಭ ಇರುವುದು ಮಿಕ್ಕ ಹನ್ನೊಂದು ತಿಂಗಳಲ್ಲಿ. ವರ್ಷಕ್ಕೆ 12,000 ಮೈಲಿ ಓಡಿಸುವವರಿಗೆ 20ರ ಟ್ರಕ್ಕಿಗೂ 38ರ ಹೈಬ್ರಿಡ್ಡಿಗೂ ವ್ಯತ್ಯಾಸ 280 ಗ್ಯಾಲನ್ನಿಗಿಂತ ಜಾಸ್ತಿ, ಅಂದರೆ 850 ಡಾಲರ್. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು: ಆಫೀಸಿನ ದಾರಿಗೆ ಕಾರು ಆರಿಸಿ, ಅದು ಬೇಟೆಗೂ ಆಗುತ್ತದಾ ಅಂತ ಆಮೇಲೆ ನೋಡಿ. ಉಲ್ಟಾ ಮಾಡಬೇಡಿ.

ತೆರೆದ ತೊಟ್ಟಿ ಬೇಕೇ ಬೇಕು ಅನ್ನುವವರಿಗೆ ಫೋರ್ಡ್ ಮ್ಯಾವೆರಿಕ್ ಹೈಬ್ರಿಡ್ ಅನ್ನುವ ಸಣ್ಣ ಪಿಕಪ್ ಇದೆ. 2022ರಲ್ಲಿ ಬಂದಾಗ ಅದು ಮುಂದಿನ ಚಕ್ರದ ಎಳೆತ ಮಾತ್ರ. 2025ರ ಮಾಡೆಲ್‌ನಿಂದ ಹೈಬ್ರಿಡ್‌ಗೂ ಆಲ್-ವೀಲ್, ಅಂದರೆ ನಾಲ್ಕೂ ಚಕ್ರದ ಎಳೆತ ಸಿಗುತ್ತದೆ. ಜಿಂಕೆ ಹಾಕಲು ಅದು ನನ್ನ ಕಾರಿಗಿಂತ ಖಂಡಿತ ಅನುಕೂಲ. ಪೂರ್ತಿ ಎಲೆಕ್ಟ್ರಿಕ್ ಅನ್ನು ಈ ಕೆಲಸಕ್ಕೆ ನಾನು ಸದ್ಯಕ್ಕೆ ಒಪ್ಪುವುದಿಲ್ಲ. ಚಳಿಗೆ ರೇಂಜ್ ಇಳಿಯುತ್ತದೆ, ಕಾಡಂಚಿನ ಊರುಗಳಲ್ಲಿ ಫಾಸ್ಟ್ ಚಾರ್ಜರ್ ಅಪರೂಪ.

ಸೆಕೆಂಡ್ ಹ್ಯಾಂಡ್ ರ್‍ಯಾವ್4 ಹೈಬ್ರಿಡ್ ನೋಡುತ್ತಿದ್ದರೆ ಒಂದು ಕೆಲಸ ಮಾಡಲೇಬೇಕು. 2019ರಿಂದ ಬಂದ ಈ ತಲೆಮಾರಿನ ಕೆಲವು ವರ್ಷಗಳ ಕಾರುಗಳಲ್ಲಿ, ಹಿಂದಿನ ಮೋಟರಿಗೆ ಹೋಗುವ ಹೈ-ವೋಲ್ಟೇಜ್ ಕೇಬಲ್‌ನ ಜೋಡಣೆ ರಸ್ತೆ ಉಪ್ಪಿಗೆ ತುಕ್ಕು ಹಿಡಿಯುವ ದೂರುಗಳು ಬಂದು, ಕಂಪನಿ ಅದರ ವಾರಂಟಿ ವಿಸ್ತರಿಸಿತು. ನನ್ನ ಕಾರಿಗೆ ಈ ತೊಂದರೆ ಬಂದಿಲ್ಲ. ಆದರೂ ಚಳಿಗಾಲವಿಡೀ ತಳಕ್ಕೆ ನೀರು ಹೊಡೆಸುತ್ತಿರುತ್ತೇನೆ. ನೀವು ಕೊಳ್ಳುವ ಮುಂಚೆ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ, ಆ ಜಾಗವನ್ನು ಟಾರ್ಚ್ ಬಿಟ್ಟು ನೋಡಿ. ಆ ಕಾರಿನ ನಂಬರಿಗೆ ವಿಸ್ತರಿಸಿದ ವಾರಂಟಿ ಅನ್ವಯಿಸುತ್ತದಾ, ಇನ್ನೆಷ್ಟು ದಿನ ಇದೆ ಅಂತ ಡೀಲರ್ ಹತ್ತಿರ ಕೇಳಿ. 2020ರಿಂದ ಈಚಿನ ಮಾಡೆಲ್‌ಗಳಿಗೆ ಹೈಬ್ರಿಡ್ ಬ್ಯಾಟರಿ ವಾರಂಟಿ 10 ವರ್ಷ ಅಥವಾ 150,000 ಮೈಲಿ. ಅದರಲ್ಲಿ ಎಷ್ಟು ಉಳಿದಿದೆ ಅನ್ನುವುದನ್ನು ನೋಡಿಯೇ ಬೆಲೆ ಮಾತಾಡಿ.