ಕಪ್ಪು ಕಾರು, ಮಲ್ಪೆ ಬಿಸಿಲು, ಒಂದು ಪೋಲರೈಸರ್
ಮಲ್ಪೆ ಬೀಚಿನಲ್ಲಿ ಭಾವನ ಕಪ್ಪು ಕಾರು ನಿಲ್ಲಿಸಿದರೆ ಬಾಗಿಲ ತುಂಬ ತೆಂಗಿನಮರ, ಗಾಜಿನ ತುಂಬ ಆಕಾಶ. ಅದಕ್ಕೇ ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸಿಗೆ 49 ಎಂಎಂ ಸರ್ಕ್ಯುಲರ್ ಪೋಲರೈಸರ್ ತಗೊಂಡೆ, ಅಂದರೆ ಲೆನ್ಸಿನ ಮುಂದೆ ಹಾಕಿ ತಿರುಗಿಸಿ ಪ್ರತಿಬಿಂಬ, ಹೊಳಪು ತಗ್ಗಿಸುವ ಫಿಲ್ಟರ್.

ಫಿಲ್ಟರಿನ ರಿಂಗ್ ನಿಧಾನಕ್ಕೆ ತಿರುಗಿಸಿದರೆ ಮುಂದಿನ ಗಾಜಿನ ಬಿಳಿಚು ಮಾಯ. ಸ್ಟೀರಿಂಗ್, ಡ್ಯಾಶ್‌ಬೋರ್ಡಿನ ಪುಟ್ಟ ಗಣಪ ಎಲ್ಲ ಕಾಣುತ್ತದೆ. ಆದರೆ ಬಾಗಿಲಿನ ಹೊಳಪು ಹಾಗೇ ಇರುತ್ತದೆ. ಒಂದೊಂದು ಭಾಗಕ್ಕೆ ಒಂದೊಂದು ಕೋನ ಬೇಕು, ಅಲ್ವಾ? ಹಾಗಾಗಿ ಟ್ರೈಪಾಡ್ ಇಟ್ಟು, ರಿಂಗ್ ತಿರುಗಿಸುತ್ತಾ ಎರಡು ಮೂರು ಫೋಟೋ ತೆಗೆಯುತ್ತೇನೆ. ಆಮೇಲೆ ಫೋಟೋಶಾಪಿನಲ್ಲಿ ಲೇಯರ್ ಮಾಡಿ, ಬೇಕಾದ ಭಾಗ ಮಾತ್ರ ಮಾಸ್ಕ್ ಹಾಕಿ ಸೇರಿಸುವುದು. ಕ್ರೋಮ್ ಮೇಲೆ ಇದರ ಆಟ ನಡೆಯಲ್ಲ. ಹಿಂದಿನ ಟಫನ್ಡ್ ಗಾಜಿನಲ್ಲಿ ಕೆಲವೊಮ್ಮೆ ಚುಕ್ಕಿ ಚುಕ್ಕಿ ಕಲೆ ಏಳುತ್ತದೆ, ಅದು ಫಿಲ್ಟರಿನ ದೋಷ ಅಲ್ಲ.

ಫಿಲ್ಟರ್ ಒಂದೂವರೆ, ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಕಮ್ಮಿ ಅಂದರೆ ಬೆಳಕು ಅರ್ಧ). ಸಂಜೆ ಕಾಪು ಲೈಟ್‌ಹೌಸ್ ಹತ್ತಿರ ಕೈಯಲ್ಲಿ ಹಿಡಿದು ತೆಗೆಯುವುದು ಕಷ್ಟ. ಉಪ್ಪುಗಾಳಿಗೋ ಏನೋ, ರಿಂಗ್ ಈಗ ಬಿಗಿಯಾಗಿದೆ. ಕಂಪನಿಯವರಿಂದ ಉತ್ತರ ಇಲ್ಲ.

ಹೊಳಪು ಪೂರ್ತಿ ತೆಗೆಯಬೇಡಿ ಮಾರ್ರೆ, ಕಾರು ಪ್ಲಾಸ್ಟಿಕ್ ಆಟಿಕೆ ಥರ ಕಾಣುತ್ತದೆ. ಐದಕ್ಕೆ ನಾಲ್ಕು ಸ್ಟಾರ್. ಬಿಳಿ ಕಾರಿನವರಿಗೆ ಅಷ್ಟೊಂದು ಅರ್ಜೆಂಟ್ ಇಲ್ಲ.