ವರ ನೋಡಿ ಕೆಲಸ ಕೊಡೋದಾ, ಕೆಲಸ ಕೊಟ್ಟು ವರ ನೋಡೋದಾ? ಸಭೆಯಲ್ಲಿ ನಾವು ನೋಡಿದ ನಾಲ್ಕು ದಾರಿ

ಚರ್ಚ್‌ನಲ್ಲಿ ಕೆಲಸ ಹಂಚುವುದು ಸುಲಭ ಅಂತ ಹೊರಗಿನವರಿಗೆ ಅನಿಸಬಹುದು. ಕಲಿಸೋರು ಕಲಿಸ್ತಾರೆ, ಹಾಡೋರು ಹಾಡ್ತಾರೆ, ಅಲ್ವಾ? ಸಮಿತಿಯಲ್ಲಿ ಕೂತವರಿಗೆ ಗೊತ್ತು ಕಷ್ಟ. ಸಂಡೇ ಸ್ಕೂಲ್‌ಗೆ ಟೀಚರ್ ಸಿಗುವುದಿಲ್ಲ, ಹಾಡುವ ತಂಡ ಕ್ವಾಯರ್‌ನಲ್ಲಿ ನಿಲ್ಲಲು ಜಾಗವಿಲ್ಲ. ಮೈಕ್ ಹಿಡಿಯಲು ಹತ್ತು ಜನ, ಕಾಣಿಕೆ ಎಣಿಸಲು ಒಬ್ಬರೂ ಇಲ್ಲ. ಆಸ್ಪತ್ರೆಗೆ ಹೋಗಿ ರೋಗಿಯ ಪಕ್ಕ ಕೂರುವವರು ವರ್ಷಗಟ್ಟಲೆ ಅದೇ ಇಬ್ಬರು.

ನಮ್ಮದು ಹುಬ್ಬಳ್ಳಿ–ಧಾರವಾಡ ಕಡೆಯ ಕನ್ನಡ ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಜನ. ದೊಡ್ಡದೂ ಅಲ್ಲ, ತೀರ ಸಣ್ಣದೂ ಅಲ್ಲ. ಯಾರಿಗೆ ದೇವರು ಯಾವ ವರ (ಸೇವೆಗೆ ಬೇಕಾದ ಶಕ್ತಿ) ಕೊಟ್ಟಿದ್ದಾನೆ, ಅವರಿಗೆ ಯಾವ ಸೇವೆ ಒಪ್ಪುತ್ತದೆ ಅಂತ ತಿಳಿಯಲು ನಾವು ಬೇರೆ ಬೇರೆ ದಾರಿ ನೋಡಿದೆವು: ಹಿರಿಯರೇ ಹೆಸರು ಹೇಳುವ ಹಳೇ ಪದ್ಧತಿ, ಅಚ್ಚು ಹಾಕಿದ ಪ್ರಶ್ನಾವಳಿ, ಮನೆಗೆ ಹೋಗಿ ಮಾತಾಡುವುದು, ಮೂರು ತಿಂಗಳು ಕೆಲಸ ಕೊಟ್ಟು ನೋಡುವುದು. ನಾಲ್ಕರಲ್ಲಿ ನನ್ನ ಮತ ಕೊನೆಯದಕ್ಕೆ. ಆದರೆ ಅದೊಂದೇ ಸಾಲದು.

ಹೋಲಿಸುವ ಮುಂಚೆ ಒಂದು ಮಾತು. ವರಗಳಿಗೆ ಪಕ್ಕಾ ಪಟ್ಟಿ ಅಂತ ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಒಂದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಏಳು ವರಗಳಿವೆ. 1 ಕೊರಿಂಥ 12ರಲ್ಲಿ 8ರಿಂದ 10ನೇ ವಚನದೊಳಗೆ ಒಂಬತ್ತು. ಅದೇ ಅಧ್ಯಾಯದ 28ನೇ ವಚನಕ್ಕೆ ಬರುವಷ್ಟರಲ್ಲಿ ಪಟ್ಟಿ ಬದಲಾಗಿರುತ್ತದೆ. ಎಫೆಸ 4ರಲ್ಲಿ ಇನ್ನೊಂದು ಲೆಕ್ಕ. ಪೇತ್ರನಂತೂ ತನ್ನ ಪತ್ರದಲ್ಲಿ ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ: ಮಾತಾಡುವವರು, ಸೇವೆ ಮಾಡುವವರು. ಇವುಗಳಲ್ಲಿ ಯಾವ ಪಟ್ಟಿಯಲ್ಲೂ ಹಾಡುವುದು ಇಲ್ಲ. ಆದರೂ ನಮ್ಮಲ್ಲಿ ಜಾಸ್ತಿ ಜಗಳ ಆಗುವುದು ಕ್ವಾಯರ್ ವಿಷಯಕ್ಕೇ! ಸೌಂಡ್ ಸಿಸ್ಟಮ್ ನೋಡುವ ಹುಡುಗ ಯಾವ ವರದ ಕೆಳಗೆ ಬರುತ್ತಾನೆ ಅಂತ ಕೇಳಿದರೆ ವಿಮೋಚನಕಾಂಡ 31ರ ಬೆಚಲೇಲನ ಹತ್ತಿರ ಹೋಗಬೇಕು. ಚಿನ್ನ, ಬೆಳ್ಳಿ, ಮರದ ಕೆಲಸಕ್ಕಾಗಿ ದೇವರಾತ್ಮ ತುಂಬಿದವನು ಅವನು.

ಹಿರಿಯರು ಹೇಳಿದ ಹೆಸರು

ಇದು ಎಲ್ಲರಿಗೂ ಗೊತ್ತಿರುವ ದಾರಿ. ಸಮಿತಿ ಕೂರುತ್ತದೆ, ಅಯ್ಯನವರು (ಸಭೆಯ ಪಾಸ್ಟರ್) ಕೆಲಸಗಳನ್ನು ಓದುತ್ತಾರೆ, ಹಿರಿಯರು ಹೆಸರು ಹೇಳುತ್ತಾರೆ. ಒಂದು ಸಂಜೆಯಲ್ಲಿ ಮುಗಿಯುತ್ತದೆ, ಖರ್ಚಿಲ್ಲ. ಇದನ್ನು ತೀರ ತಳ್ಳಿಹಾಕಬೇಡಿ. ಸ್ತ್ರೀಯರ ಸಂಘದ ಇಬ್ಬರು ಅಜ್ಜಿಯರಿಗೆ ಸಭೆಯ ಮೂರು ತಲೆಮಾರು ಗೊತ್ತು. ಯಾರ ಮನೆಯಲ್ಲಿ ಯಾರು ಸಮಾಧಾನಿ, ಯಾರ ಕೈಗೆ ದುಡ್ಡು ಕೊಡಬಾರದು, ಇದು ಯಾವ ಫಾರ್ಮ್‌ನಲ್ಲೂ ಸಿಗದ ಮಾಹಿತಿ.

ತೊಂದರೆ ಏನೆಂದರೆ, ಅವರಿಗೆ ಗೊತ್ತಿಲ್ಲದವರು ಪಟ್ಟಿಗೇ ಬರುವುದಿಲ್ಲ. ಬೇರೆ ಊರಿಂದ ಮದುವೆಯಾಗಿ ಬಂದ ಸೊಸೆಯಂದಿರು, ಕೆಲಸಕ್ಕೆ ವರ್ಗವಾಗಿ ಬಂದವರು, ಹೊಸದಾಗಿ ದೀಕ್ಷಾಸ್ನಾನ ತಗೊಂಡವರು ಹಿಂದಿನ ಬೆಂಚಿನಲ್ಲೇ ಉಳಿಯುತ್ತಾರೆ. ರಿಟೈರ್ ಆದ ಹೆಡ್‌ಮಾಸ್ಟರ್ ಅಂದರೆ ಸಂಡೇ ಸ್ಕೂಲ್ ಸೂಪರಿಂಟೆಂಡೆಂಟ್. ಮಾವ ಟ್ರೆಜರರ್ ಆಗಿದ್ದರೆ ಅಳಿಯನೂ ಟ್ರೆಜರರ್. ಕುರ್ಚಿ ತುಂಬುತ್ತದೆ, ಆದರೆ ವರ ಯಾವುದು ಅಂತ ಯಾರೂ ಕೇಳಿರುವುದಿಲ್ಲ.

ಪ್ರಶ್ನಾವಳಿ

ಯೌವನಸ್ಥರು ತಂದದ್ದು ಇದು. ಅಮೆರಿಕದಲ್ಲಿ 1970ರ ದಶಕದಲ್ಲಿ ರಿಚರ್ಡ್ ಹೌಟ್ಸ್ ಎಂಬವರು ಮಾಡಿದ ಪ್ರಶ್ನಾವಳಿಯನ್ನು ಫುಲ್ಲರ್ ಸೆಮಿನರಿಯ ಸಿ. ಪೀಟರ್ ವ್ಯಾಗ್ನರ್ ತಿದ್ದಿ ಬೆಳೆಸಿದರು. ಅದರಲ್ಲಿ 125 ವಾಕ್ಯ, 25 ವರ. ಒಂದೊಂದು ವರಕ್ಕೆ ಐದು ವಾಕ್ಯ, ಒಂದೊಂದು ವಾಕ್ಯಕ್ಕೆ 0ರಿಂದ 3ರವರೆಗೆ ಅಂಕ. ಅಂದರೆ ಒಂದು ವರಕ್ಕೆ ಹೆಚ್ಚೆಂದರೆ 15. ಕೂಡಿಸಿ ನೋಡಿ ಮೇಲಿನ ಮೂರನ್ನು ಆರಿಸಿಕೊಳ್ಳುವುದು. ಆರಾಧನೆ ಮುಗಿದ ಮೇಲೆ ಹಾಲ್‌ನಲ್ಲಿ ಕನ್ನಡದ ಪ್ರತಿ ಹಂಚಿದೆವು. ಪರೀಕ್ಷೆ ಹಾಲ್‌ನ ವಾತಾವರಣ. ಒಬ್ಬರು ಪಕ್ಕದವರ ಹಾಳೆ ನೋಡಿ ಬರೆಯುತ್ತಿದ್ದರು, ನಿಜವಾಗಿ!

ಫಲಿತಾಂಶ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ವರ ಅಲ್ಲ, ಸ್ವಭಾವ. ನಲವತ್ತು ದಾಟಿದ ಹೆಂಗಸರು ಎಲ್ಲದಕ್ಕೂ 1 ಹಾಕಿದ್ದರು. "ನಾ ಏನ್ ದೊಡ್ಡಾಕಿ ಅಲ್ರಿ, 3 ಹಾಕಿದ್ರ ಸೊಕ್ಕು ಅಂತಾರ" ಅಂತ ಒಬ್ಬ ಅಕ್ಕ ಹೇಳಿಯೇಬಿಟ್ಟರು. ಇಪ್ಪತ್ತೆರಡರ ಹುಡುಗರಿಗೆ ಆ ಚಿಂತೆಯಿಲ್ಲ. ನಾಯಕತ್ವ 15, ಪ್ರವಾದನೆ (ದೇವರ ಮಾತು ಸಾರುವುದು) 14. ಇವರಿಬ್ಬರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಅಂಕ ಹೋಲಿಸಿದರೆ ಏನು ತಿಳಿಯುತ್ತದೆ?

ಆಮೇಲೆ ಆ 25 ವರಗಳೇ ಒಂದು ಕಥೆ. ಅದರಲ್ಲಿ 'ಸ್ವಇಚ್ಛೆಯ ಬಡತನ' ಅಂತ ಒಂದಿದೆ. ತಿಂಗಳ ಕೊನೆಗೆ ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸುವ ಮನೆಗಳಿರುವ ಸಭೆಯಲ್ಲಿ ಇದಕ್ಕೆ ಎಷ್ಟು ಅಂಕ ಹಾಕಬೇಕು? "ಬಡತನ ಐತ್ರಿ, ಸ್ವಇಚ್ಛಾ ಇಲ್ಲ" ಅಂದರು ಒಬ್ಬ ಹಿರಿಯರು, ಎಲ್ಲರೂ ನಕ್ಕೆವು. ಮದುವೆಯಾಗದೆ ಉಳಿಯುವ ವರದ ವಾಕ್ಯಗಳು ಬಂದಾಗ ಮಾತ್ರ ಯಾರೂ ನಗಲಿಲ್ಲ. ಮೂವತ್ತೈದು ದಾಟಿದ ಮಗಳ ಪಕ್ಕ ತಾಯಿ ಕೂತಿದ್ದರು. ಅಂಥ ವಾಕ್ಯಗಳನ್ನು ಮೊದಲೇ ತೆಗೆದು ಹಾಕಿ ಅಂತ ಯಾರಿಗಾದರೂ ಹೇಳುತ್ತೇನೆ.

ಇನ್ನು ಅನ್ಯಭಾಷೆ (ಪ್ರಾರ್ಥನೆಯಲ್ಲಿ ಕಲಿಯದ ಭಾಷೆಯಲ್ಲಿ ಮಾತಾಡುವುದು), ಸ್ವಸ್ಥತೆ, ದೆವ್ವ ಬಿಡಿಸುವುದು. ನಮ್ಮಂಥ ಸಭೆಯಲ್ಲಿ ಕೆಲವರು ಭಾನುವಾರ ಇಲ್ಲಿಗೆ ಬಂದು ಶುಕ್ರವಾರ ಇಂಥ ವರಗಳಿಗೆ ಒತ್ತು ಕೊಡುವ ಪೆಂಟೆಕೋಸ್ಟಲ್ ಪಂಗಡದ ಪ್ರಾರ್ಥನೆಗೆ ಹೋಗುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಹೆಸರು ಬರೆದ ಹಾಳೆಯಲ್ಲಿ ಅವರು ಅನ್ಯಭಾಷೆಗೆ 0 ಹಾಕಿದರು. ಹೆಸರು ಬೇಡ ಅಂದರೆ ನಿಜ ಬರೆಯುತ್ತಾರೆ, ಆದರೆ ಆ ಹಾಳೆ ಯಾರದು ಅಂತ ಗೊತ್ತಾಗದೆ ಕೆಲಸ ಕೊಡುವುದು ಹೇಗೆ? ಇದಕ್ಕೆ ಪರಿಹಾರ ಇವತ್ತಿಗೂ ಸಿಕ್ಕಿಲ್ಲ.

ಹಾಗಂತ ಫಾರ್ಮ್ ಪೂರ್ತಿ ದಂಡ ಅಲ್ಲ. ಹಿರಿಯರ ಪಟ್ಟಿಯಲ್ಲಿ ಎಂದೂ ಬರದ ಒಬ್ಬ ಸೊಸೆ ವಿಜ್ಞಾಪನಾ ಪ್ರಾರ್ಥನೆಗೆ (ಬೇರೆಯವರಿಗಾಗಿ ಬೇಡುವುದಕ್ಕೆ) ಮಾತ್ರ ತುಂಬ ಅಂಕ ಹಾಕಿ, ಉಳಿದ ಎಲ್ಲದಕ್ಕೂ ಸೊನ್ನೆ ಬರೆದಿದ್ದರು. ಅವರು ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಸಭೆಯ ಪ್ರತಿ ಮನೆಗೂ ವಾರಕ್ಕೊಂದು ದಿನ ಪ್ರಾರ್ಥಿಸುತ್ತಿದ್ದರು ಅಂತ ಆಮೇಲೆ ತಿಳಿಯಿತು. ಬಾಯಿ ಬಿಡದವರು ಕಾಗದದ ಮೇಲೆ ಬಾಯಿ ಬಿಡುತ್ತಾರೆ. ವಾರವಾರ ಹೊಸಬರು ಬರುವ ಬೆಂಗಳೂರಿನಂಥ ಕಡೆಯ ದೊಡ್ಡ ಸಭೆಗಳಿಗೆ ಇದು ನಮಗಿಂತ ಜಾಸ್ತಿ ಉಪಯೋಗ. ಅಲ್ಲಿ ಅಜ್ಜಿಯರ ನೆನಪು ಸಾಲುವುದಿಲ್ಲ.

ಮನೆಗೆ ಹೋಗಿ ಮಾತು

ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನ ಸ್ಥಾಪಕ ರಿಕ್ ವಾರನ್ ಹರಡಿದ 'ಶೇಪ್' ಅಂತ ಒಂದು ವಿಧಾನವಿದೆ. ಆತ್ಮಿಕ ವರದ ಜೊತೆ ಮನಸ್ಸಿನ ಸೆಳೆತ, ಸಾಮರ್ಥ್ಯ, ಸ್ವಭಾವ, ಬದುಕಿನ ಅನುಭವ, ಈ ಐದನ್ನೂ ನೋಡಬೇಕು ಅನ್ನುತ್ತದೆ. ನಾವು ಅದನ್ನು ಫಾರ್ಮ್ ಮಾಡದೆ ಮಾತಾಗಿ ಇಟ್ಟುಕೊಂಡೆವು. ಇಬ್ಬರು ಹೋಗುವುದು, ಪ್ರಾರ್ಥನೆ, ಚಹಾ, ಚೂಡಾ, ಮಾತು.

ಫಾರ್ಮ್‌ಗಿಂತ ಇದು ಎಷ್ಟೋ ಮೇಲು. ರೈಲ್ವೆ ಆಫೀಸಿನಲ್ಲಿ ಕ್ಲರ್ಕ್ ಆಗಿರುವ ಒಬ್ಬ ಅಣ್ಣನವರಿಗೆ ಪ್ರಶ್ನಾವಳಿಯಲ್ಲಿ ಆಡಳಿತಕ್ಕೆ 15ಕ್ಕೆ 15 ಬಂದಿತ್ತು. ಟ್ರೆಜರರ್ ಸಿಕ್ಕರು ಅಂತ ಸಮಿತಿಗೆ ಖುಷಿ. ಮನೆಗೆ ಹೋಗಿ ಕೇಳಿದರೆ, "ವಾರ ಪೂರ್ತಿ ಅದನ್ನ ಮಾಡ್ತೀನ್ರಿ, ಐತ್ವಾರನೂ ಲೆಕ್ಕಾನ?" ಅಂದರು. ಅವರಿಗೆ ಹುಡುಗರಿಗೆ ಕಲಿಸುವ ಆಸೆ. ಬರುವ ಕೆಲಸ ಬೇರೆ, ದೇವರು ಕೊಟ್ಟ ಸೆಳೆತ ಬೇರೆ ಅಂತ ಆ 125 ವಾಕ್ಯಗಳಿಗೆ ಗೊತ್ತಾಗಲಿಲ್ಲ, ಒಂದು ಕಪ್ ಚಹಾಕ್ಕೆ ಗೊತ್ತಾಯಿತು.

ಐದರಲ್ಲಿ ಜಾಸ್ತಿ ಫಲ ಕೊಟ್ಟದ್ದು ಅನುಭವದ ಪ್ರಶ್ನೆ. ಕುಡಿತದಿಂದ ಗಂಡನನ್ನು ಕಳೆದುಕೊಂಡ ಒಬ್ಬರು ಅಂಥದೇ ಮನೆಗಳಿಗೆ ಹೋಗಲು ತಾವೇ ಒಪ್ಪಿಕೊಂಡರು. ನಾವಾಗಿ ಕೇಳುವ ಧೈರ್ಯ ನಮಗಿರಲಿಲ್ಲ. "ಯಾವ ಕೆಲಸ ಬೇಕು" ಅನ್ನುವುದಕ್ಕಿಂತ "ಯಾವ ಕೆಲಸ ಮಾತ್ರ ಕೊಡಬೇಡಿ" ಅಂತ ಕೇಳಿದರೆ ಜನ ಬೇಗ ನಿಜ ಹೇಳುತ್ತಾರೆ, ಇದೂ ಅಲ್ಲೇ ಕಲಿತದ್ದು.

ಕೊರತೆ ಇಲ್ಲದಿಲ್ಲ. ಸಂಜೆಗಳು ಬಹಳ ಬೇಕು. ಕೆಲವು ಮನೆಗಳಲ್ಲಿ ಸೊಸೆ ಚಹಾ ಕೊಡುತ್ತಾಳೆ, ಅತ್ತೆ ಉತ್ತರ ಕೊಡುತ್ತಾರೆ. ಅಂಥ ಕಡೆ ಸ್ತ್ರೀಯರ ಸಂಘದ ಅಕ್ಕ ಒಬ್ಬರನ್ನು ಕರೆದುಕೊಂಡು ಹೋಗಿ. ಅವರು ಅಡುಗೆಮನೆಗೆ ಹೋಗಿ ಮಾತಾಡಿಸಿಕೊಂಡು ಬರುತ್ತಾರೆ. ಇನ್ನೊಂದು, ಮಾತು ಚೆನ್ನಾಗಿ ಬರುವವರಿಗೆ ಈ ವಿಧಾನದಲ್ಲಿ ಎಲ್ಲ ವರವೂ ಇದ್ದಂತೆ ಕಾಣುತ್ತದೆ.

ಮೂರು ತಿಂಗಳು ಮಾಡಿ ನೋಡುವುದು

ಇದಕ್ಕೆ ಆಧಾರ ಹುಡುಕಲು ದೂರ ಹೋಗಬೇಕಿಲ್ಲ. ಸಭಾಸೇವಕರನ್ನು ಮೊದಲು ಪರೀಕ್ಷಿಸಿ ಆಮೇಲೆ ಕೆಲಸಕ್ಕೆ ಬಿಡಬೇಕು ಅಂತ 1 ತಿಮೊಥೆಯ 3:10ರಲ್ಲೇ ಇದೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ವಿಧವೆಯರಿಗೆ ಊಟ ಹಂಚಲು ಏಳು ಜನರನ್ನು ಆರಿಸಿದರು. ಅವರಲ್ಲಿ ಸ್ತೆಫನ ಮುಂದಿನ ಅಧ್ಯಾಯದಲ್ಲೇ ನ್ಯಾಯಸಭೆಯ ಮುಂದೆ ಪ್ರಸಂಗ ಮಾಡುತ್ತಾನೆ. ಫಿಲಿಪ್ಪ ಸಮಾರ್ಯಕ್ಕೆ ಸುವಾರ್ತೆ ಹೊತ್ತು ಹೋಗುತ್ತಾನೆ. ಊಟ ಬಡಿಸಲು ನೇಮಿಸಿದಾಗ ಇದನ್ನು ಯಾರು ಊಹಿಸಿದ್ದರು?

ನಮ್ಮ ನೆಲದಲ್ಲೂ ಇದಕ್ಕೆ ಸಾಕ್ಷಿ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. 1853ರಲ್ಲಿ ಆ ಮಿಶನ್‌ನಿಂದ ಸುವಾರ್ತೆ ಸಾರಲು ಬಂದ ಕಿಟೆಲ್ ಅವರನ್ನು ಇಂದು ಕನ್ನಡಿಗರೆಲ್ಲ ನೆನೆಯುವುದು 1894ರ ನಿಘಂಟಿನಿಂದ. ಮಂಗಳೂರಿನಲ್ಲಿ ಪ್ರೆಸ್ ಕೆಲಸಕ್ಕೆ ಬಂದ ಪ್ಲೆಬ್‌ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಕಳಿಸಿದ ಕೆಲಸ ಒಂದು, ಕೈ ಹತ್ತಿದ ಕೆಲಸ ಇನ್ನೊಂದು. ಅವರ ಕೈಗೆ ಮೊದಲೇ ಪ್ರಶ್ನಾವಳಿ ಕೊಟ್ಟಿದ್ದರೆ ನಿಘಂಟು, ಹೆಂಚು ಅಂತ ಉತ್ತರ ಬರುತ್ತಿರಲಿಲ್ಲ.

ಜೂನ್‌ನಲ್ಲಿ ಶಾಲೆಗಳು ಶುರುವಾಗುವಾಗ ಆರಂಭಿಸಿ ಆಗಸ್ಟ್ ಕೊನೆಗೆ ನಿಲ್ಲಿಸುವುದು ನಮಗೆ ಒಗ್ಗಿದ ಲೆಕ್ಕ. ಮುಗಿಯುವ ದಿನವನ್ನು ಮೊದಲೇ ಹೇಳಿರಬೇಕು. ಇಲ್ಲವಾದರೆ ಬಿಡುವವರಿಗೂ ಅವಮಾನ, ಬಿಡಿಸುವವರಿಗೂ ಸಂಕಟ.

ಆ ರೈಲ್ವೆ ಅಣ್ಣನವರನ್ನೇ ನೋಡಿ. ಸಂಡೇ ಸ್ಕೂಲ್‌ನ ಚಿಕ್ಕ ಮಕ್ಕಳ ಕ್ಲಾಸ್ ಕೊಟ್ಟೆವು. ದಾವೀದ–ಗೊಲ್ಯಾತರ ಕಥೆ ಹೇಳಿ ಅಂದರೆ ಅವರು ಇಸ್ರಾಯೇಲಿನ ಅರಸರ ಚಾರ್ಟ್ ಬರೆದುಕೊಂಡು ಬಂದರು, ಆಳಿದ ವರ್ಷಗಳ ಸಮೇತ. ಚಾರ್ಟ್‌ನ ಮೊದಲ ಅರಸ ಮುಗಿಯುವಷ್ಟರಲ್ಲಿ ಮಕ್ಕಳು ಬೆಂಚಿನ ಕೆಳಗೆ. ಸೌಲನ ಹತ್ತಿರ ನಿಂತ ಪಾಠ ದಾವೀದನ ತನಕ ಮುಟ್ಟಲೇ ಇಲ್ಲ. ಆದರೆ ಹೊರಗೆ ಗೋಡೆಗೆ ಒರಗಿ ನಿಂತಿದ್ದ ಹತ್ತನೇ ಕ್ಲಾಸಿನ ಇಬ್ಬರು ಹುಡುಗರು ಒಳಗೆ ಬಂದು ಆ ಚಾರ್ಟ್ ನೋಡುತ್ತ ನಿಂತರು, ಪ್ರಶ್ನೆ ಕೇಳಿದರು. ಈಗ ಅಣ್ಣನವರು ಶನಿವಾರ ಸಂಜೆ ದೊಡ್ಡ ಹುಡುಗರಿಗೆ ಗಣಿತ ಹೇಳಿಕೊಡುತ್ತಾರೆ. ಕೊನೆಯ ಅರ್ಧ ಗಂಟೆ ಸತ್ಯವೇದ. ಯಾರೂ ಎದ್ದು ಹೋಗುವುದಿಲ್ಲ. ಬೋಧನೆಯ ವರ ಅಂತ ಫಾರ್ಮ್ ಹೇಳಬಹುದು, ಆಸೆ ಅಂತ ಮಾತಿನಲ್ಲಿ ತಿಳಿಯಬಹುದು. ಯಾವ ವಯಸ್ಸಿನವರಿಗೆ ಅನ್ನುವುದು ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ಹೇಗೆ ನಡೆಯಿತು ಅಂತ ಕೇಳುವುದು ಮಾಡಿದವರನ್ನಲ್ಲ, ಪಡೆದವರನ್ನು. ಮಕ್ಕಳ ತಾಯಂದಿರನ್ನು, ಆಸ್ಪತ್ರೆಯಿಂದ ಮನೆಗೆ ಬಂದವರನ್ನು. "ಅವ್ರು ಮತ್ತ ಬರ್ಲಿ ಅನಸ್ತದೇನ್ರಿ?" ಅನ್ನುವ ಒಂದೇ ಪ್ರಶ್ನೆ ಸಾಕು.

ಎಲ್ಲ ಕೆಲಸವನ್ನೂ ಹೀಗೆ ಕೊಟ್ಟು ನೋಡುವಂತಿಲ್ಲ. ದುಡ್ಡಿನ ಲೆಕ್ಕ ಬೇಡ. ಮಕ್ಕಳ ಕ್ಲಾಸಿನಲ್ಲಿ ಹೊಸಬರ ಜೊತೆ ಹಳೇ ಟೀಚರ್ ಒಬ್ಬರು ಇರಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಬೇಡ ಅಂತ ಹೇಳುವ ಗಳಿಗೆಯೂ ಕಷ್ಟದ್ದೇ. ಪ್ರಸಂಗಕ್ಕೆ ಬಿಟ್ಟು ನೋಡಿ, ಬೇರೆ ಸೇವೆ ಮಾಡಿ ಅಂದಾಗ ಒಬ್ಬರು ಕೆಲವು ವಾರ ಚರ್ಚ್ ಕಡೆ ತಲೆ ಹಾಕಲಿಲ್ಲ. ಅಯ್ಯನವರು ಎರಡು ಸಲ ಮನೆಗೆ ಹೋಗಬೇಕಾಯಿತು.

ಒಂದೇ ಆರಿಸಿ ಅಂದರೆ ಮಾಡಿ ನೋಡುವುದನ್ನೇ ಆರಿಸುತ್ತೇನೆ. ಎರಡು ಆರಿಸಬಹುದಾದರೆ ಅದರ ಮುಂಚೆ ಮನೆ ಮಾತು. ಪ್ರಶ್ನಾವಳಿಯನ್ನು ಅರ್ಧ ಹಾಳೆಗೆ ಇಳಿಸಿ ಹೊಸಬರಿಗೆ ಮಾತ್ರ ಕೊಡುತ್ತೇವೆ, ಅಂಕಗಳಿಲ್ಲ. ಅಜ್ಜಿಯರ ಮಾತು ಕೊನೆಗೆ ಕೇಳುತ್ತೇವೆ, ಹೆಸರು ಆರಿಸಲು ಅಲ್ಲ, ಯಾರನ್ನಾದರೂ ಬಿಟ್ಟಿದ್ದೇವಾ ಅಂತ ತಿಳಿಯಲು.

ಪ್ರಶ್ನಾವಳಿ ಇನ್ನೊಂದು ತಲೆನೋವು ಬಿಟ್ಟು ಹೋಯಿತು. ಪ್ರೀತಿಭೋಜನ ಆದ ಮೇಲೆ ಪಾತ್ರೆ ತೊಳೆಯಲು ಕರೆದರೆ "ಅದು ನನ್ನ ವರ ಅಲ್ಲ" ಅನ್ನುವುದು ರೂಢಿಯಾಯಿತು. ಕೊಡುವುದು ಕೂಡ ರೋಮಾಪುರದ ಪಟ್ಟಿಯಲ್ಲಿರುವ ವರ. ಹಾಗಂತ ಉಳಿದವರು ಕಾಣಿಕೆ ಹಾಕುವುದು ಬೇಡ ಅಂತಲಾ? ಅದಕ್ಕೇ ಕುರ್ಚಿ ಹಾಕುವುದು, ಕಸ ಗುಡಿಸುವುದು, ಪಾತ್ರೆ ತೊಳೆಯುವುದು, ಕಾಣಿಕೆ ಎಣಿಸುವುದು, ಇವನ್ನು ವರಗಳ ಲೆಕ್ಕದಿಂದಲೇ ಹೊರಗಿಟ್ಟು ಪಾಳಿ ಹಾಕಿದ್ದೇವೆ. ಪಟ್ಟಿ ವೆಸ್ಟ್ರಿ (ಚರ್ಚಿನ ಪಕ್ಕದ ಕೋಣೆ) ಬಾಗಿಲಿಗೆ ಅಂಟಿಸಿದೆ. ಮೊದಲ ಭಾನುವಾರ ಸಮಿತಿಯವರದು.