ಸಹಜ ಗಿಡವೋ, ಸಿಜಿಎಲ್1 ರೂಪಾಂತರಿಯೋ?

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪ್ರಾಜೆಕ್ಟ್‌ಗೆ ಅರಾಬಿಡಾಪ್ಸಿಸ್ (ಪ್ರಯೋಗಗಳಿಗೆ ಬಳಸುವ ಸಾಸಿವೆ ಕುಟುಂಬದ ಪುಟ್ಟ ಗಿಡ) ಬೀಜ ಆರಿಸುವವರು ಮೊದಲು ಪ್ರೋಟೀನಿಗೆ ಅಂಟಿದ ಸಕ್ಕರೆ ಸರಪಳಿ ನೋಡಬೇಕು. ಸಹಜ ಗಿಡದಲ್ಲಿ ಅನೇಕ ಸರಪಳಿಗಳಿಗೆ ಕ್ಸೈಲೋಸ್, ಫ್ಯೂಕೋಸ್ ಎಂಬ ಸಕ್ಕರೆಗಳು ಸೇರಿರುತ್ತವೆ. ಜೀನ್ ಬದಲಾದ ರೂಪಾಂತರಿ ಸಿಜಿಎಲ್1ರಲ್ಲಿ ಗಾಲ್ಜಿಯ (ಕೋಶದೊಳಗೆ ಈ ಸರಪಳಿಗಳನ್ನು ತಿದ್ದುವ ಭಾಗ) ಒಂದು ಕಿಣ್ವ ಕೆಲಸ ಮಾಡದೆ, ಆ ಸರಪಳಿಗಳು ಮ್ಯಾನೋಸ್ ಎಂಬ ಸಕ್ಕರೆಯ ಐದು ಘಟಕಗಳಿಗೇ ನಿಂತುಬಿಡುತ್ತವೆ. ಮಾಮೂಲಿ ಮಣ್ಣಿನಲ್ಲಿ ಎರಡೂ ಒಂದೇ ಥರ. ಕುಂಡಕ್ಕೆ ಚೀಟಿ ಅಂಟಿಸದಿದ್ದರೆ ಗೊಂದಲ ಖಂಡಿತ. ಉಪ್ಪು ಬೆರೆಸಿದ ಅಗರ್ (ಜೆಲ್ಲಿಯಂಥ ಮಾಧ್ಯಮ) ತಟ್ಟೆಯಲ್ಲಿ ರೂಪಾಂತರಿಯ ಬೇರು ಮೊಟಕಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಟ್ಟೆಗೆ ಬೇಗ ಬೂಷ್ಟು ಹಿಡಿಯುತ್ತದೆ, ಅಂಚಿಗೆ ಮೈಕ್ರೋಪೋರ್ ಟೇಪ್ ಸುತ್ತಿ.

ಬಹಳ ಜನ ಎಡವುವುದು ಪ್ರೋಟೀನಿನಿಂದ ಸಕ್ಕರೆ ಸರಪಳಿ ಬಿಡಿಸುವಾಗ. ಸಹಜ ಗಿಡದ ಪ್ರೋಟೀನಿಗೆ ಸರಪಳಿ ಬಿಡಿಸುವ ಕಿಣ್ವ ಪಿಎನ್‌ಜಿಯೇಸ್ ಎಫ್ ಹಾಕಿದರೆ ಸರಪಳಿಯ ಬುಡದ ಫ್ಯೂಕೋಸ್ ಅಡ್ಡಬರುತ್ತದೆ. ಟ್ರಿಪ್ಸಿನ್ ಕಿಣ್ವದಿಂದ ಪ್ರೋಟೀನ್ ತುಂಡರಿಸಿ ಪಿಎನ್‌ಜಿಯೇಸ್ ಎ ಬಳಸಿ. ಸಿಜಿಎಲ್1ಗೆ ಎಂಡೋ ಎಚ್ ಎಂಬ ಕಿಣ್ವ ಸಾಕು. ಹೊಸಬರಿಗೆ ಅದೇ ಸಲೀಸು. ಬ್ಲಾಟ್ (ಪ್ರೋಟೀನನ್ನು ಪೊರೆಗೆ ಇಳಿಸಿ ಪ್ರತಿಕಾಯದಿಂದ ಪತ್ತೆಹಚ್ಚುವ ಪರೀಕ್ಷೆ) ಮಾಡುವುದಾದರೆ ಮಾತ್ರ ಎರಡನ್ನೂ ಬೆಳೆಸಿ: ಹಾರ್ಸ್‌ರ್ಯಾಡಿಶ್ ಪೆರಾಕ್ಸಿಡೇಸ್ ವಿರುದ್ಧದ ಪ್ರತಿಕಾಯ ಆ ಕ್ಸೈಲೋಸ್, ಫ್ಯೂಕೋಸ್‌ಗೆ ಅಂಟುವುದರಿಂದ ಸಹಜ ಗಿಡದಲ್ಲಷ್ಟೇ ಪಟ್ಟಿ ತೋರಿಸುತ್ತದೆ.